ಕೂದಲು ಕೀಳುವ ಮಕ್ಕಳು: ಬೈಗುಳ ಬೇಡ, ಬೆಂಬಲ ಬೇಕು

'ಬಾಲಕಿಯ ಹೊಟ್ಟೆಯಲ್ಲಿ ಕೂದಲ ಉಂಡೆ! ಶಸ್ತ್ರಚಿಕಿತ್ಸೆ ಯಶಸ್ವಿ.' ಇಂಥ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಒಂದಲ್ಲ ಒಂದು ಸಲ ಓದಿಯೇ ಇರುತ್ತೀರಿ. ಒಮ್ಮೆ ಬೆಂಗಳೂರಿನಿಂದ ಬರುತ್ತದೆ, ಇನ್ನೊಮ್ಮೆ ಮುಂಬೈಯಿಂದ, ಮತ್ತೊಮ್ಮೆ ಉತ್ತರ ಭಾರತದ ಯಾವುದೋ ಊರಿನಿಂದ. ಉಂಡೆಯ ಫೋಟೊ, ಅದರ ತೂಕ, ವೈದ್ಯರ ತಂಡದ ಹೆಸರು ಎಲ್ಲಾ ಇರುತ್ತದೆ. ನಾವೂ 'ಅಯ್ಯೋ ಪಾಪ, ಆ ಮಗು ಕೂದಲು ಯಾಕಾದ್ರೂ ತಿಂತೋ' ಅಂದುಕೊಂಡು, ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ನೋಡೋಕೆ ಎದ್ದು ಹೋಗ್ತೀವಿ.

ಆದರೆ ಆ ಸುದ್ದಿಯಲ್ಲಿ ಬಾರದ ಒಂದು ಮಾತಿದೆ. ಕೂದಲ ಉಂಡೆ ಒಂದು ದಿನದಲ್ಲಿ ಆಗುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಆ ಮಗು ತನ್ನ ಕೂದಲನ್ನು ತಾನೇ ಕಿತ್ತು ನುಂಗಿರುತ್ತದೆ. ಅಷ್ಟು ದಿನ ಮನೆಯಲ್ಲಿ ಅಮ್ಮ ಇದ್ದಳು, ಅಜ್ಜಿ ಇದ್ದಳು, ಶಾಲೆಯಲ್ಲಿ ಟೀಚರ್ ಇದ್ದರು. ಹಾಗಿದ್ದರೆ ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಅಥವಾ ಗೊತ್ತಾದರೂ 'ಕೆಟ್ಟ ಚಾಳಿ, ಎರಡು ಬಾರಿಸಿದ್ರೆ ಸರಿ ಹೋಗುತ್ತೆ' ಎಂದು ಬಿಟ್ಟರೆ? ಹೊಟ್ಟೆಯ ಉಂಡೆಗಿಂತ ಈ ಪ್ರಶ್ನೆಯೇ ನಮಗೆ, ಅಂದರೆ ಹದಿಹರೆಯದ ಮಕ್ಕಳನ್ನು ಬೆಳೆಸುತ್ತಿರುವ ತಾಯಂದಿರಿಗೆ, ಮುಖ್ಯವಾಗಬೇಕು.

ಚಾಳಿ ಅಲ್ಲ, ಕಾಯಿಲೆ

ಕೂದಲನ್ನು ಪದೇ ಪದೇ ಕಿತ್ತುಕೊಳ್ಳುವ ಈ ಸಮಸ್ಯೆಗೆ 'ಟ್ರೈಕೋಟಿಲೊಮೇನಿಯಾ' ಎಂದು ಹೆಸರು. ಉಚ್ಚರಿಸೋಕೇ ನಾಲಿಗೆ ಹೊರಳಲ್ಲ ಅಲ್ವಾ? 1889ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಹ್ಯಾಲೊಪೊ ಗ್ರೀಕ್ ಪದಗಳನ್ನು ಸೇರಿಸಿ ಇಟ್ಟ ಹೆಸರಿದು. ಅಂದರೆ ಇದು ಮೊಬೈಲ್ ಕಾಲದ ಹೊಸ ರೋಗವೇನಲ್ಲ. ಆದರೂ ಮನೋವೈದ್ಯರ ಪ್ರಮುಖ ಕೈಪಿಡಿಯಲ್ಲಿ ಇದಕ್ಕೆ ಜಾಗ ಸಿಕ್ಕಿದ್ದು 1987ರಲ್ಲಿ. 2013ರ ಪರಿಷ್ಕೃತ ಕೈಪಿಡಿ ಇದನ್ನು ಒ.ಸಿ.ಡಿ.ಗೆ ಹತ್ತಿರದ, ಅಂದರೆ ಗೀಳು ಸಂಬಂಧಿ ಕಾಯಿಲೆಗಳ ಗುಂಪಿಗೆ ಸೇರಿಸಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ, ಚರ್ಮ ಕಿತ್ತುಕೊಳ್ಳುವ ಕಾಯಿಲೆಯ ಜೊತೆಗೇ ಇದೂ ಇದೆ.

ನೂರು ಜನರಲ್ಲಿ ಒಬ್ಬರಿಂದ ಇಬ್ಬರಿಗೆ ಜೀವನದ ಯಾವುದೋ ಹಂತದಲ್ಲಿ ಇದು ಕಾಡುತ್ತದೆ ಎಂಬುದು ತಜ್ಞರ ಅಂದಾಜು. ಹೆಚ್ಚಾಗಿ ಶುರುವಾಗುವುದು 10ರಿಂದ 13ರ ವಯಸ್ಸಿನಲ್ಲಿ. ನಮ್ಮ ಲೆಕ್ಕದಲ್ಲಿ ಐದನೇ ಕ್ಲಾಸಿನಿಂದ ಎಂಟನೇ ಕ್ಲಾಸಿನೊಳಗೆ. ಚಿಕ್ಕ ಮಕ್ಕಳಲ್ಲಿ ಗಂಡು-ಹೆಣ್ಣು ಎಂಬ ಭೇದ ಅಷ್ಟಾಗಿ ಇಲ್ಲ. ದೊಡ್ಡವರಲ್ಲಿ ಚಿಕಿತ್ಸೆಗೆ ಬರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಗಂಡುಮಕ್ಕಳಾದರೆ ತಲೆ ಬೋಳಿಸಿಯೋ, ಸಣ್ಣದಾಗಿ ಕಟಿಂಗ್ ಮಾಡಿಸಿಯೋ ಮುಚ್ಚಿಡಬಹುದು. ಉದ್ದ ಜಡೆ ಬಿಡಬೇಕಾದ ಹುಡುಗಿ ಏನು ಮಾಡಬೇಕು ಹೇಳಿ?

ನಾಲ್ಕು ವರ್ಷದ ಮಗು ನಿದ್ದೆ ಬರುವಾಗ ಕೂದಲು ಸುರುಳಿ ಸುತ್ತಿ ಎಳೆಯುವುದೂ ಉಂಟು. ಅದು ಬಹಳಷ್ಟು ಸಲ ತಾನೇ ನಿಂತುಹೋಗುತ್ತದೆ. ಹದಿಹರೆಯದಲ್ಲಿ ಶುರುವಾದದ್ದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಅದಕ್ಕೇ ಬೇಗ ಗುರುತಿಸುವುದು ಮುಖ್ಯ.

ಕೈ ಯಾಕೆ ತಲೆಗೆ ಹೋಗುತ್ತೆ?

ಎರಡು ಬಗೆ ಇದೆ. ಒಂದು, ಗೊತ್ತಿಲ್ಲದೇ ನಡೆಯುವುದು. ಟಿ.ವಿ. ನೋಡುವಾಗ, ಗಣಿತದ ಲೆಕ್ಕ ಬಿಡಿಸುವಾಗ, ನಿದ್ದೆಗೆ ಜಾರುವಾಗ ಕೈ ತಾನಾಗಿ ನೆತ್ತಿಗೆ ಹೋಗುತ್ತದೆ. ಪುಸ್ತಕದ ಮೇಲೆ ಹತ್ತಿಪ್ಪತ್ತು ಎಳೆ ಬಿದ್ದಾಗಲೇ ಮಗುವಿಗೂ ಗೊತ್ತಾಗುವುದು. ಇನ್ನೊಂದು, ಗೊತ್ತಿದ್ದೇ ನಡೆಯುವುದು. ಮನಸ್ಸಿನಲ್ಲಿ ಒಂಥರಾ ಚಡಪಡಿಕೆ ಏಳುತ್ತದೆ, 'ಆ ದೊರಗು ಕೂದಲು ಅಲ್ಲೇ ಇದೆ, ಅದನ್ನು ತೆಗೆದುಬಿಡು' ಎನ್ನುತ್ತದೆ. ಕಿತ್ತ ಕೂಡಲೇ ಒಂದು ಕ್ಷಣ ಹಾಯೆನಿಸುತ್ತದೆ. ಮರುಕ್ಷಣ ನಾಚಿಕೆ, ಸಿಟ್ಟು, ಅಳು. ಆ ದುಃಖಕ್ಕೆ ಮತ್ತೆ ಚಡಪಡಿಕೆ, ಮತ್ತೆ ಕೈ ತಲೆಗೆ. ಹೀಗೆ ಚಕ್ರ ತಿರುಗುತ್ತಲೇ ಇರುತ್ತದೆ. ಅನೇಕ ಮಕ್ಕಳಲ್ಲಿ ಎರಡೂ ಬಗೆ ಬೆರೆತಿರುತ್ತವೆ. ತಲೆಗೂದಲಷ್ಟೇ ಅಲ್ಲ, ಹುಬ್ಬು, ರೆಪ್ಪೆಗೂದಲನ್ನು ಕೀಳುವವರೂ ಇದ್ದಾರೆ.

'ನನ್ನ ಬೆಳೆಸುವಿಕೆಯಲ್ಲೇ ಏನೋ ತಪ್ಪಾಯ್ತಾ?' ಎಂದು ಕಣ್ಣೀರು ಹಾಕುವ ತಾಯಂದಿರಿಗೆ ಒಂದು ಮಾತು. ಇದಕ್ಕೆ ಯಾರೋ ಒಬ್ಬರು ಕಾರಣ ಎಂದು ಬೆರಳು ತೋರಿಸಲಾಗದು. ವಂಶವಾಹಿಯ ಪಾತ್ರ ಸ್ವಲ್ಪ ಇದೆ. ಅಭ್ಯಾಸ ಮತ್ತು ಹಂಬಲವನ್ನು ಹತೋಟಿಯಲ್ಲಿಡುವ ಮೆದುಳಿನ ವ್ಯವಸ್ಥೆಯ ಪಾತ್ರವೂ ಇದೆ. ಪರೀಕ್ಷೆಯ ಒತ್ತಡ, ಮನೆಯ ಜಗಳ, ಹೊಸ ಶಾಲೆ, ಋತುಮತಿಯಾಗುವ ಸಮಯದ ಏರುಪೇರು ಇದನ್ನು ಹೆಚ್ಚಿಸಬಹುದು. ಆದರೆ ಏನೂ ತೊಂದರೆಯಿಲ್ಲದ, ನಗುನಗುತ್ತಾ ಇರುವ ಮನೆಯ ಮಗುವಿಗೂ ಬರಬಹುದು. ಬರೀ ಬೇಜಾರು, ಸುಮ್ಮನೆ ಕೂರುವ ಹೊತ್ತು ಸಾಕು, ಕೈ ತಲೆಗೆ ಹೋಗೋಕೆ.

ಉದುರುವುದೋ, ಕೀಳುವುದೋ?

ಮಗಳ ತಲೆಯಲ್ಲಿ ಬೋಳು ಕಂಡ ಕೂಡಲೇ ಇದೇ ಎಂದು ತೀರ್ಮಾನಿಸಬೇಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಟೈಫಾಯ್ಡ್‌ನಂಥ ಜ್ವರದ ನಂತರ ಕೂದಲು ತಲೆತುಂಬಾ ತೆಳುವಾಗುತ್ತದೆ. 'ಅಲೊಪೇಶಿಯಾ ಏರಿಯಾಟಾ' ಎಂಬ ಕಾಯಿಲೆಯಲ್ಲಿ ದುಂಡಗೆ, ನಾಣ್ಯ ಇಟ್ಟ ಹಾಗೆ ನುಣ್ಣನೆ ಬೋಳಾಗುತ್ತದೆ. ಹುಳಕಡ್ಡಿಯಾದರೆ ಹೊಟ್ಟು, ಕೆರೆತ ಇರುತ್ತದೆ. ಕಿತ್ತ ಜಾಗ ಹೀಗಿರುವುದಿಲ್ಲ. ಅದಕ್ಕೆ ಸರಿಯಾದ ಆಕಾರ ಇಲ್ಲ, ಪೂರ್ತಿ ನುಣುಪೂ ಇಲ್ಲ. ಒಂದು ಎಳೆ ಚಿಕ್ಕದು, ಒಂದು ದೊಡ್ಡದು, ಒಂದು ತುಂಡಾದದ್ದು, ಕೈಯಾಡಿಸಿದರೆ ಚುಚ್ಚುವ ಮೊಳಕೆಗಳು. ಕೈಗೆ ಸುಲಭವಾಗಿ ಸಿಗುವ ನೆತ್ತಿ, ಕಿವಿಯ ಮೇಲಿನ ಭಾಗದಲ್ಲೇ ಹೆಚ್ಚು. ಚರ್ಮವೈದ್ಯರು ಡರ್ಮೊಸ್ಕೋಪ್ ಎಂಬ ಚಿಕ್ಕ ಭೂತಗನ್ನಡಿಯಂಥ ಉಪಕರಣದಿಂದ ನೋಡಿ ವ್ಯತ್ಯಾಸ ಹೇಳಬಲ್ಲರು. ಹಾಗಾಗಿ ಮೊದಲ ಭೇಟಿ ಚರ್ಮವೈದ್ಯರಿಗೆ ಇರಲಿ, ಅದರಲ್ಲಿ ಸಂಕೋಚವೂ ಕಡಿಮೆ.

ಮನೆಯಲ್ಲೂ ಕೆಲವು ಸೂಚನೆ ಸಿಗುತ್ತವೆ. ಮಂಚದ ಹಿಂದೆ, ಓದುವ ಮೇಜಿನ ಕೆಳಗೆ ಕೂದಲ ಎಳೆಗಳ ಗುಪ್ಪೆ. ಬಾತ್‌ರೂಮಿನಲ್ಲಿ ತುಂಬಾ ಹೊತ್ತು. 'ನಾನೇ ಜಡೆ ಹಾಕ್ಕೊಳ್ತೀನಮ್ಮ, ನೀನು ಬೇಡ' ಎಂಬ ಹೊಸ ಹಟ. ಸದಾ ಕ್ಯಾಪ್, ಸ್ಕಾರ್ಫ್. ಗಾಳಿಗೆ ಕೂದಲು ಹಾರೀತೆಂದು ಆಟಕ್ಕೂ ಹೋಗದಿರುವುದು. ಎಣ್ಣೆಸ್ನಾನ ಮಾಡಿಸಿಕೊಳ್ಳಲು ಒಲ್ಲೆ ಎನ್ನುವುದು.

ನಮ್ಮ ಮನೆಮದ್ದುಗಳ ಸರಣಿ

ನನಗೆ ಗೊತ್ತಿರುವ ಒಂದು ಮನೆಯ ಕತೆ ಕೇಳಿ. ಎಂಟನೇ ಕ್ಲಾಸಿನ ಹುಡುಗಿಯ ನೆತ್ತಿಯಲ್ಲಿ ರೂಪಾಯಿಯಗಲ ಬೋಳು ಮೊದಲು ಕಂಡಿದ್ದು ಅಜ್ಜಿಗೆ. 'ದೃಷ್ಟಿ ತಗುಲಿದೆ' ಎಂದು ಉಪ್ಪು-ಮೆಣಸಿನಕಾಯಿ ನಿವಾಳಿಸಿದ್ದಾಯಿತು. ದಾಸವಾಳ, ಕರಿಬೇವು ಹಾಕಿ ಕಾಯಿಸಿದ ಎಣ್ಣೆ, ಈರುಳ್ಳಿ ರಸ ಎಲ್ಲಾ ಆಯಿತು. ಆಮೇಲೆ ಜಾಹೀರಾತು ನೋಡಿ ಹೇರ್ ಕ್ಲಿನಿಕ್ಕಿಗೆ ಹೋದರು. ಅಲ್ಲಿ ಸಾವಿರಾರು ರೂಪಾಯಿಯ ಪ್ಯಾಕೇಜ್. ಒಂದು ರಾತ್ರಿ ಅಪ್ಪನಿಗೆ ಮಂಚದ ಹಿಂದೆ ಕೂದಲ ಗುಪ್ಪೆ ಸಿಕ್ಕಿತು. 'ಇಷ್ಟೆಲ್ಲ ದುಡ್ಡು ಸುರಿದ್ರೆ ನೀನು ಕಿತ್ತು ಹಾಕ್ತಿದೀಯಾ?' ಎಂದು ಕೆನ್ನೆಗೆ ಬಿತ್ತು. ಕೊನೆಗೆ ದೇವರಿಗೆ ಮುಡಿ ಕೊಟ್ಟರೆ ಎಲ್ಲಾ ಸರಿಹೋಗುತ್ತದೆ ಎಂದು ತಲೆ ಬೋಳಿಸಿದರು. ತಲೆಯಲ್ಲಿ ಕೂದಲು ಸಿಗದಾದಾಗ ಹುಡುಗಿ ಹುಬ್ಬು ಕೀಳತೊಡಗಿದಳು. ಶಾಲೆಗೆ ಹೋಗಲ್ಲ ಎಂದಳು.

ಮುಡಿ ಕೊಡುವುದು ನಮ್ಮ ಭಕ್ತಿ, ಅದರ ಬಗ್ಗೆ ಮಾತಿಲ್ಲ. ಆದರೆ ಅದು ಚಿಕಿತ್ಸೆಯ ಜಾಗಕ್ಕೆ ಬರಬಾರದು. ಆ ಮನೆಯಲ್ಲಿ ಅಷ್ಟೂ ದಿನ ಎಲ್ಲರೂ ನೋಡಿದ್ದು ಕೂದಲನ್ನು, ಹುಡುಗಿಯನ್ನು ಯಾರೂ ನೋಡಲಿಲ್ಲ. ಕೊನೆಗೆ ಸರ್ಕಾರಿ ಆಸ್ಪತ್ರೆಯ ಚರ್ಮವೈದ್ಯೆಯೊಬ್ಬರು ಅಪ್ಪನನ್ನು ಹೊರಗೆ ಕೂರಿಸಿ, 'ಇದು ನಿನ್ನೊಬ್ಬಳಿಗೇ ಅಲ್ಲಮ್ಮ, ಬಹಳ ಮಕ್ಕಳಿಗೆ ಆಗುತ್ತೆ' ಎಂದರಂತೆ. ಆ ಹುಡುಗಿ ಮೊದಲ ಸಲ ಬಾಯಿಬಿಟ್ಟಿದ್ದು ಆವಾಗ. ಅಲ್ಲಿಂದ ಮನಶ್ಶಾಸ್ತ್ರಜ್ಞರ ಬಳಿ ಹತ್ತಾರು ಭೇಟಿ. ಈಗ ಕೂದಲು ಬಂದಿದೆ. ಪರೀಕ್ಷೆ ಹತ್ತಿರ ಬಂದಾಗ ಮತ್ತೆ ಸ್ವಲ್ಪ ಶುರುವಾಗುತ್ತೆ, ಆದರೆ ಆಕೆಗೆ ಏನು ಮಾಡಬೇಕೆಂದು ಗೊತ್ತಿದೆ.

ಹೊಡೆದರೆ, ಬೈದರೆ ಯಾಕೆ ನಿಲ್ಲುವುದಿಲ್ಲ ಎಂಬುದೂ ಈಗ ಅರ್ಥವಾಗಿರಬೇಕು. ಚಡಪಡಿಕೆ ಹೆಚ್ಚಾದರೆ ಕೀಳುವುದೂ ಹೆಚ್ಚುತ್ತದೆ. ಬೈಗುಳ ಆ ಚಡಪಡಿಕೆಯನ್ನೇ ಹೆಚ್ಚಿಸುತ್ತದೆ. ಮಗು ನಿಲ್ಲಿಸುವುದಿಲ್ಲ, ಬಚ್ಚಿಡುವುದನ್ನು ಕಲಿಯುತ್ತದೆ. 'ಮುಂದೆ ನಿನ್ನ ಯಾರು ಮದ್ವೆ ಆಗ್ತಾರೆ?' ಎಂಬ ಮಾತಂತೂ ಬೇಡವೇ ಬೇಡ. ಹದಿಮೂರರ ಹುಡುಗಿಗೆ ಆ ಮಾತು ಕೇಳಿಸುವುದು 'ಕೂದಲಿಲ್ಲದ ನಿನಗೆ ಬೆಲೆಯಿಲ್ಲ' ಎಂದೇ.

ಚಿಕಿತ್ಸೆ ಇದೆ

ಸಮಾಧಾನದ ಸಂಗತಿ ಎಂದರೆ ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಅದೂ ಬಹುಪಾಲು ಮಾತ್ರೆಯಿಲ್ಲದೆ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಅಜ್ರಿನ್ ಮತ್ತು ನನ್ ರೂಪಿಸಿದ 'ಅಭ್ಯಾಸ ಬದಲಾವಣೆ ತರಬೇತಿ' ಇವತ್ತಿಗೂ ಮೊದಲ ಆಯ್ಕೆ. ಇದರಲ್ಲಿ ಮುಖ್ಯವಾಗಿ ಮೂರು ಹೆಜ್ಜೆ.

ಮೊದಲನೆಯದು ಅರಿವು. ಯಾವಾಗ, ಎಲ್ಲಿ, ಯಾವ ಕೈ, ಆಗ ಮನಸ್ಸು ಹೇಗಿತ್ತು ಎಂದು ಮಗು ಒಂದು ಚಿಕ್ಕ ಪುಸ್ತಕದಲ್ಲಿ ಬರೆಯುತ್ತದೆ. ಎರಡನೆಯದು ಬದಲಿ ಕೆಲಸ. ಕೈ ತಲೆಯತ್ತ ಹೊರಟಿತು ಎನಿಸಿದ ಕೂಡಲೇ ಮುಷ್ಟಿ ಬಿಗಿಹಿಡಿಯುವುದೋ, ಚೆಂಡು ಅಮುಕುವುದೋ, ಚಡಪಡಿಕೆ ಇಳಿಯುವವರೆಗೆ ಒಂದೆರಡು ನಿಮಿಷ ಹಾಗೇ ಇರುವುದು. ಮೂರನೆಯದು ಮನೆಯವರ ಬೆಂಬಲ. ನೆನಪಿಸುವುದು, ಸಾಧಿಸಿದಾಗ ಮೆಚ್ಚುವುದು. ಇದರ ಜೊತೆಗೆ ಕೀಳಲು ಅನುಕೂಲವಾಗುವ ಸಂದರ್ಭಗಳನ್ನು ತಪ್ಪಿಸುವುದನ್ನೂ ಹೇಳಿಕೊಡುತ್ತಾರೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 24 ಮಕ್ಕಳ ಪೈಕಿ ಅರ್ಧದಷ್ಟು ಮಂದಿಗೆ ಇಂಥ ವರ್ತನಾ ಚಿಕಿತ್ಸೆ ಕೊಟ್ಟಾಗ, ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳು ಸುಧಾರಿಸಿದರು. ಅಧ್ಯಯನ ಚಿಕ್ಕದು, ಆದರೆ ದಾರಿ ಯಾವುದೆಂದು ಹೇಳುವಷ್ಟು ಸ್ಪಷ್ಟ.

ಔಷಧಿಯ ವಿಷಯದಲ್ಲಿ ಅವಸರ ಬೇಡ. ಎನ್-ಅಸಿಟೈಲ್ ಸಿಸ್ಟೀನ್ ಎಂಬ ಔಷಧಿ ದೊಡ್ಡವರಲ್ಲಿ ಫಲ ಕೊಟ್ಟದ್ದು 2009ರ ಅಧ್ಯಯನದಲ್ಲಿ ಕಂಡಿತು. ಅದನ್ನೇ 8ರಿಂದ 17 ವರ್ಷದ 39 ಮಕ್ಕಳಲ್ಲಿ ಪರೀಕ್ಷಿಸಿದಾಗ, 2013ರಲ್ಲಿ ಬಂದ ಫಲಿತಾಂಶ ಬೇರೆಯೇ ಆಗಿತ್ತು. ಔಷಧಿಗೂ ಸುಮ್ಮನೆ ಕೊಟ್ಟ ಹುಸಿ ಮಾತ್ರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ಇಂಟರ್ನೆಟ್ ನೋಡಿ ಮೆಡಿಕಲ್ ಶಾಪಿನಿಂದ ಮಾತ್ರೆ ತರುವ ಸಾಹಸ ಮಾಡಬೇಡಿ. ಜೊತೆಗೆ ಖಿನ್ನತೆ, ಆತಂಕ, ಒ.ಸಿ.ಡಿ. ಇದ್ದರೆ ಅದಕ್ಕೆ ಮನೋವೈದ್ಯರು ಮಾತ್ರೆ ಕೊಡಬಹುದು. ಆ ನಿರ್ಧಾರ ಅವರದ್ದು.

ಮನೆಯಲ್ಲಿ ನಾವೇನು ಮಾಡಬಹುದು?

* ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿ. 'ಪುಟ್ಟಿ, ನಿನ್ನ ಕೈ ತಲೆಗೆ ಹೋಗೋದು ನಾನು ನೋಡಿದೀನಿ. ನಿಂಗೆ ಬೇಕಂತ ಮಾಡ್ತಿಲ್ಲ ಅಂತ ಗೊತ್ತು. ಇಬ್ರೂ ಸೇರಿ ದಾರಿ ಹುಡುಕೋಣ' ಎಂದರೆ ಸಾಕು. ಅಣ್ಣ-ತಮ್ಮಂದಿರ ಮುಂದೆ, ನೆಂಟರ ಮುಂದೆ ಈ ವಿಷಯ ಎತ್ತಬೇಡಿ.

* 'ಕೀಳ್ಬೇಡ, ಕೀಳ್ಬೇಡ' ಎಂದು ದಿನವಿಡೀ ಜಪ ಮಾಡುವ ಬದಲು ಇಬ್ಬರಿಗೇ ಗೊತ್ತಿರುವ ಒಂದು ಸನ್ನೆ ಇಟ್ಟುಕೊಳ್ಳಿ. ಭುಜದ ಮೇಲೆ ಮೆಲ್ಲಗೆ ಕೈ ಇಟ್ಟರೂ ಆಯಿತು.

* ಬೆರಳಿಗೆ ಕೆಲಸ ಕೊಡಿ. ಟಿ.ವಿ. ಮುಂದೆ ಕೂತಾಗ ಅವರೆಕಾಳು ಹಿಸುಕುವುದು, ಬಟಾಣಿ ಬಿಡಿಸುವುದು, ಹೂ ಕಟ್ಟುವುದು, ಕ್ರೋಶಾ, ಮಣಿಸರ ಪೋಣಿಸುವುದು. ಹಿತಕಿದಾಗ ಅವರೆಕಾಳು ಸಿಪ್ಪೆಯಿಂದ ಪುಳಕ್ಕನೆ ಹೊರಬರುವ ಖುಷಿ ಬೆರಳಿಗೂ ಬೇಕಾದದ್ದೇ!

* ಓದುವಾಗ ತಲೆಗೆ ಹತ್ತಿಬಟ್ಟೆ ಕಟ್ಟಿಕೊಳ್ಳಬಹುದು, ಹೆಬ್ಬೆರಳು-ತೋರುಬೆರಳಿಗೆ ಬ್ಯಾಂಡ್‌ಏಡ್ ಸುತ್ತಬಹುದು. ಹುಬ್ಬಿನ ಚಿಮ್ಮಟ, ಹತ್ತಿರದಿಂದ ನೋಡುವ ಕನ್ನಡಿ ಕೈಗೆ ಸಿಗದಂತಿಡಿ.

* ಒಬ್ಬಳೇ ಕೋಣೆಯಲ್ಲಿ ಓದುವ ಬದಲು ಹಾಲ್‌ನಲ್ಲಿ ನಿಮ್ಮ ಕಣ್ಣಳತೆಯಲ್ಲಿ ಓದಲಿ, ಆದರೆ ಕಾವಲು ಕೂತಂತೆ ಇರಬೇಡಿ.

* ಕೂದಲನ್ನು ಅಳೆಯಬೇಡಿ. 'ಇವತ್ತು ಸಂಜೆ ಪೂರ್ತಿ ಕೈ ಹೋಗ್ಲಿಲ್ಲ ಅಲ್ವಾ?' ಎಂಬ ಪ್ರಯತ್ನವನ್ನು ಮೆಚ್ಚಿ. ಕೂದಲು ತಿಂಗಳಿಗೆ ಹೆಚ್ಚೂಕಮ್ಮಿ ಒಂದು ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. ಕಣ್ಣಿಗೆ ಕಾಣೋಕೆ ಟೈಮ್ ಬೇಕು. ವರ್ಷಗಟ್ಟಲೆ ಕಿತ್ತ ಜಾಗದಲ್ಲಿ ಬೇರಿಗೇ ಪೆಟ್ಟಾಗಿ ಬಾರದಿರುವುದೂ ಉಂಟು. ಹಾಗಾಗಿಯೇ ತಡ ಮಾಡಬಾರದು.

* ನಡುವೆ ಮತ್ತೆ ಶುರುವಾದರೆ 'ಎಲ್ಲಾ ನೀರಲ್ಲಿ ಹೋಮ ಆಯ್ತು' ಅನ್ನಬೇಡಿ. ಈ ಕಾಯಿಲೆಯ ಸ್ವಭಾವವೇ ಏಳುಬೀಳಿನದು.

ಹೊಟ್ಟೆಯ ಕಡೆ ಗಮನ ಇರಲಿ

ಕೂದಲು ಕೀಳುವವರೆಲ್ಲ ತಿನ್ನುವುದಿಲ್ಲ, ಕೆಲವರು ಮಾತ್ರ. ಕೂದಲು ಜೀರ್ಣವಾಗುವ ವಸ್ತುವಲ್ಲ. ಜಠರದಲ್ಲೇ ಉಳಿದು, ಊಟದ ಚೂರು, ಲೋಳೆಯ ಜೊತೆ ಸುತ್ತಿಕೊಂಡು ಉಂಡೆಯಾಗುತ್ತದೆ. ಅದರ ಬಾಲ ಸಣ್ಣಕರುಳಿಗೂ ಇಳಿದರೆ ಅದನ್ನು ಕತೆಯ ಉದ್ದಗೂದಲ ರಾಜಕುಮಾರಿಯ ಹೆಸರಿನಿಂದ 'ರಪಂಜೆಲ್ ಸಿಂಡ್ರೋಮ್' ಎನ್ನುತ್ತಾರೆ. ಅಮೆರಿಕದ 18 ವರ್ಷದ ಯುವತಿಯೊಬ್ಬಳ ಹೊಟ್ಟೆಯಿಂದ ಸುಮಾರು ನಾಲ್ಕೂವರೆ ಕಿಲೊ ತೂಕದ ಉಂಡೆ ತೆಗೆದದ್ದು 2007ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು.

ಪದೇ ಪದೇ ಹೊಟ್ಟೆನೋವು, ಎರಡು ತುತ್ತಿಗೇ ಹೊಟ್ಟೆ ತುಂಬಿತು ಎನ್ನುವುದು, ವಾಂತಿ, ತೂಕ ಇಳಿಯುವುದು, ಹೊಟ್ಟೆಯ ಮೇಲ್ಭಾಗದಲ್ಲಿ ಗಟ್ಟಿ ಗಂಟು, ರಕ್ತ ಕಡಿಮೆಯಾಗುವುದು ಇವೆಲ್ಲ ಎಚ್ಚರಿಕೆಯ ಗಂಟೆ. ವೈದ್ಯರ ಬಳಿ ಹೋದಾಗ 'ಮಗಳಿಗೆ ಕೂದಲು ಕೀಳುವ ತೊಂದರೆ ಇದೆ' ಎಂಬುದನ್ನು ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಆ ಒಂದು ಮಾತು ಹೇಳದಿದ್ದರೆ ಗ್ಯಾಸ್ಟ್ರಿಕ್ ಮಾತ್ರೆಯಲ್ಲೇ ತಿಂಗಳುಗಳು ಕಳೆದುಹೋಗಬಹುದು. ಶಸ್ತ್ರಚಿಕಿತ್ಸೆಯಿಂದ ಉಂಡೆ ಹೋಗುತ್ತದೆ, ಕೀಳುವ ಕೈ ಹಾಗೇ ಇರುತ್ತದೆ. ಆಪರೇಷನ್ ನಂತರ ಮನಸ್ಸಿನ ಚಿಕಿತ್ಸೆ ಮುಂದುವರಿಯದಿದ್ದರೆ ಉಂಡೆ ಮತ್ತೆ ಕಟ್ಟಬಹುದು.

ಶಾಲೆಯ ಹೊಣೆ ಏನು?

ಇನ್ನು ಸಾರ್ವಜನಿಕ ವ್ಯವಸ್ಥೆಯ ಮಾತು. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಸುಮಾರು ಮೂವರು ಎಂದಾಯಿತು.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ಕೋಚಿಂಗ್ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ, ದೇಶದ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನು ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಾದ ಒಬ್ಬ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಸಹಾಯವಾಣಿಯ ಸಂಖ್ಯೆ ಎಲ್ಲರಿಗೂ ಕಾಣುವಂತೆ ಇರಬೇಕು.

ಆದೇಶ ಆತ್ಮಹತ್ಯೆ ತಡೆಯಲು ಬಂದದ್ದು, ನಿಜ. ಆದರೆ ಒಬ್ಬ ಒಳ್ಳೆಯ ಆಪ್ತಸಮಾಲೋಚಕಿ ಶಾಲೆಯಲ್ಲಿದ್ದರೆ ಕೂದಲು ಕೀಳುವ, ಕೈ ಕೊಯ್ದುಕೊಳ್ಳುವ, ಊಟ ಬಿಡುವ ಮಕ್ಕಳೂ ಆಕೆಯ ಕಣ್ಣಿಗೆ ಬೀಳುತ್ತಾರೆ. ನಾವು ಪೇರೆಂಟ್ಸ್ ಮೀಟಿಂಗಿಗೆ ಹೋದಾಗ ಕೇಳುವುದು 'ಮ್ಯಾಥ್ಸ್‌ನಲ್ಲಿ ಎಷ್ಟು ಬಂತು ಮೇಡಂ?' ಎಂದು. ಇನ್ನು ಮೇಲೆ 'ನಿಮ್ಮಲ್ಲಿ ಕೌನ್ಸೆಲರ್ ಯಾರು? ವಾರಕ್ಕೆ ಎಷ್ಟು ದಿನ ಇರ್ತಾರೆ? ಮಗು ಹೇಳಿದ್ದನ್ನ ಗುಟ್ಟಾಗಿ ಇಡ್ತಾರಾ?' ಎಂದೂ ಕೇಳೋಣ. ನಾಲ್ಕು ತಾಯಂದಿರು ಒಟ್ಟಿಗೆ ಕೇಳಿದರೆ ಶಾಲೆಯೂ ಉತ್ತರ ಕೊಡಲೇಬೇಕಾಗುತ್ತದೆ.

ಇನ್ನೊಂದು ಚಿಕ್ಕ ವಿಷಯ. ಅನೇಕ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ನಡುವೆ ಬೈತಲೆ ತೆಗೆದು ಎರಡು ಜಡೆ, ರಿಬ್ಬನ್ ಕಡ್ಡಾಯ. ಬೋಳು ಎದ್ದುಕಾಣಲು ಇದಕ್ಕಿಂತ ಬೇರೇನೂ ಬೇಡ. ವೈದ್ಯರ ಚೀಟಿ ತೋರಿಸಿ, ಕೆಲ ತಿಂಗಳು ಬೇರೆ ರೀತಿ ಬಾಚಿಕೊಳ್ಳಲು, ಅಗಲದ ಹೇರ್‌ಬ್ಯಾಂಡ್ ಹಾಕಲು ಅನುಮತಿ ಕೇಳಿ. ನಿಯಮ ಮಕ್ಕಳಿಗಾಗಿ ತಾನೇ ಇರುವುದು?

ಎಲ್ಲಿಗೆ ಹೋಗಬೇಕು?

'ಮನಸ್ಸಿನ ಡಾಕ್ಟರ್ ಹತ್ರ ಹೋದ್ರೆ ಜನ ಏನಂತಾರೋ' ಎಂಬ ಅಂಜಿಕೆ ಇರುವವರಿಗೆ ಮನೆಯಲ್ಲೇ ಕೂತು ಫೋನ್ ಮಾಡುವ ದಾರಿ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ-ಮನಸ್ ಸಹಾಯವಾಣಿಯ ಸಂಖ್ಯೆ 14416. ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ. ಬೇರೆ ಊರಿನವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ, ಸರ್ಕಾರಿ ಆಸ್ಪತ್ರೆಗಳ ಹದಿಹರೆಯದವರ 'ಸ್ನೇಹಾ ಕ್ಲಿನಿಕ್'ನಲ್ಲಿ ವಿಚಾರಿಸಬಹುದು. ಖಾಸಗಿಯವರ ಬಳಿ ಹೋದರೆ 'ಅಭ್ಯಾಸ ಬದಲಾವಣೆ ತರಬೇತಿ ಕೊಡುತ್ತೀರಾ?' ಎಂದು ಮೊದಲೇ ಕೇಳಿ. ಇಂಗ್ಲಿಷಿನಲ್ಲಿ ಅದನ್ನು 'ಹ್ಯಾಬಿಟ್ ರಿವರ್ಸಲ್' ಎನ್ನುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ವಿಮೆಯಲ್ಲಿ ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ರಕ್ಷಣೆ ಇರಬೇಕು ಎನ್ನುತ್ತದೆ. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಸಲಹೆಗೆ ಹಣ ಸಿಗುತ್ತದೋ ಇಲ್ಲವೋ ಎಂಬುದು ನಿಮ್ಮ ಪಾಲಿಸಿಯನ್ನು ಅವಲಂಬಿಸಿದೆ, ಕಾಗದ ತೆಗೆದು ನೋಡಿ.

ಜಡೆ ಹೆಣ್ಣಿಗೆ ಭೂಷಣ ಎಂದು ನಮ್ಮ ಹಿರಿಯರು ಹೇಳಿದರು, ನಾವೂ ಮೊಗ್ಗಿನ ಜಡೆ ಹಾಕಿಸಿ ಫೋಟೊ ತೆಗೆಸಿ ಗೋಡೆಗೆ ನೇತುಹಾಕಿದೆವು. ಅದು ತಪ್ಪೇನಲ್ಲ. ಆದರೆ ಮಗಳಿಗೆ ಜಡೆಗಿಂತ ತಾನು ದೊಡ್ಡವಳು ಎಂದು ಅನಿಸಬೇಕಲ್ಲ, ಆ ಮಾತು ಅವಳ ಕಿವಿಗೆ ಮೊದಲು ಬೀಳಬೇಕಾದ್ದು ಅಮ್ಮನ ಬಾಯಿಂದ. ಅವಳು ತಾನೇ ಬಂದು 'ಅಮ್ಮಾ, ನಂಗೆ ನಿಲ್ಸೋಕೆ ಆಗ್ತಿಲ್ಲ' ಎಂದು ಹೇಳುವಷ್ಟು ಧೈರ್ಯ ನಮ್ಮ ಮನೆಯಲ್ಲಿ ಸಿಕ್ಕರೆ, ಆ ಮಗುವಿನ ಹೊಟ್ಟೆಯ ಉಂಡೆ ಎಂದೂ ಪತ್ರಿಕೆಯ ಸುದ್ದಿಯಾಗುವುದಿಲ್ಲ.